ಫೈನಾನ್ಸ್ ಓದ್ತಾ ಇದ್ದೀರಾ? ಬ್ಯಾಂಕಿಂಗ್‌ನಲ್ಲಿ ನಿಮ್ಮ ಕೆಲಸ ಯಾವುದು ಅಂತ ಕಂಡುಕೊಳ್ಳೋದು ಹೇಗೆ: ಸಮಗ್ರ ಮಾರ್ಗದರ್ಶಿ

ಫೈನಾನ್ಸ್ ಓದೋರನ್ನ ಮುಂದೆ ಏನು ಮಾಡ್ಬೇಕು ಅಂತಿದ್ದೀರಾ ಅಂತ ಕೇಳಿದ್ರೆ ತುಂಬಾ ಜನ "ಬ್ಯಾಂಕಿಂಗ್‌ಗೆ ಹೋಗ್ಬೇಕು ಅಂತ" ಅಂತಾರೆ. ಸರಿ, ಬ್ಯಾಂಕಿಂಗ್‌ನಲ್ಲಿ ಏನು ಅಂತ ಇನ್ನೊಂದು ಪ್ರಶ್ನೆ ಹಾಕಿದ್ರೆ ಅಲ್ಲಿಗೆ ಮಾತು ನಿಂತುಹೋಗುತ್ತೆ. ಇದ್ರಲ್ಲಿ ಅವರ ತಪ್ಪೇನೂ ಇಲ್ಲ. ಹೊರಗಿಂದ ಬ್ಯಾಂಕ್ ಅಂದ್ರೆ ಒಂದೇ ಬೋರ್ಡು ಕಾಣುತ್ತೆ, ಒಳಗೆ ಹೋದ್ರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥಾನೇ ಆಗದಷ್ಟು ಬೇರೆ ಬೇರೆ ವೃತ್ತಿಗಳಿವೆ. ಸಾಲದ ಫೈಲ್ ಓದೋನಿಗೂ ಬಾಂಡ್ (ಸಾಲಪತ್ರ) ಕೊಂಡು ಮಾರೋಳಿಗೂ ಸಾಮಾನ್ಯವಾಗಿರೋದು ಕತ್ತಿನಲ್ಲಿ ನೇತಾಡೋ ಐಡಿ ಕಾರ್ಡ್ ಮಾತ್ರ ಅನ್ನೋ ಹಾಗಿರುತ್ತೆ.

ನಾನು ಹೆಚ್ಚು ವರ್ಷ ಕಳೆದಿದ್ದು ಸಾಲದ ಫೈಲ್ ನೋಡೋ ಟೇಬಲ್‌ನಲ್ಲಿ. ಹೊಸದಾಗಿ ಸೇರಿದ ಎಷ್ಟೋ ಜನ ಜಾಣರು ಒಂದೂವರೆ ವರ್ಷಕ್ಕೆ ಬೇಸತ್ತು ಬಿಟ್ಟುಹೋಗಿದ್ದನ್ನ ಹತ್ತಿರದಿಂದ ನೋಡಿದೀನಿ, ಅವರಲ್ಲಿ ಬಹಳಷ್ಟು ಜನರಿಗೆ ಬುದ್ಧಿ ಕಮ್ಮಿ ಇರ್ಲಿಲ್ಲ, ಶ್ರಮಾನೂ ಕಮ್ಮಿ ಇರ್ಲಿಲ್ಲ, ಟೇಬಲ್ ತಪ್ಪಾಗಿತ್ತು ಅಷ್ಟೇ. ಅದಕ್ಕೇ ಈ ಗೈಡ್ ಬರೀತಿರೋದು. ಇಡೀ ಬರಹದಲ್ಲಿ ನಾನು ಹೇಳೋದು ಒಂದೇ ವಿಷಯ: ಅರ್ಜಿ ಹಾಕೋಕೆ ಮುಂಚೆ ಆ ಕೆಲಸಾನ ಮನೇಲೇ ಕೂತು ಸ್ವಲ್ಪ ಮಾಡಿ ನೋಡಿ. ಬೇಕಾದ ಕಾಗದ ಪತ್ರ ಎಲ್ಲಾ ಪುಕ್ಕಟೆ ಸಿಗುತ್ತೆ. ಒಂದೊಂದಕ್ಕೆ ಒಂದು ಸಂಜೆ, ಹೆಚ್ಚಂದ್ರೆ ಒಂದು ಶನಿವಾರ ಭಾನುವಾರ ಸಾಕು.

ಹೆಜ್ಜೆ 1: ಒಂದು ಬ್ಯಾಂಕಿನ ಆನ್ಯುಯಲ್ ರಿಪೋರ್ಟ್ ತೆಗೀರಿ

ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿರೋ ಯಾವುದಾದ್ರೂ ಬ್ಯಾಂಕ್ ಆಗಬಹುದು, ಅದರ ವೆಬ್‌ಸೈಟ್‌ನಲ್ಲೇ ಇರುತ್ತೆ. ನೂರಾರು ಪುಟ ನೋಡಿ ಹೆದರ್ಬೇಡಿ, ಅಧ್ಯಕ್ಷರ ಪತ್ರ, ಫೋಟೋ, ಪ್ರಶಸ್ತಿ ಎಲ್ಲಾ ಬಿಟ್ಟು ನೇರ ಬ್ಯಾಲೆನ್ಸ್ ಶೀಟಿಗೆ ಹೋಗಿ. ಬೇರೆ ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದಿ ಅಭ್ಯಾಸ ಆದೋರಿಗೆ ಇಲ್ಲಿ ಎಲ್ಲಾ ತಲೆಕೆಳಗಾಗಿ ಕಾಣುತ್ತೆ. ಜನ ಇಟ್ಟಿರೋ ಠೇವಣಿ ಬ್ಯಾಂಕಿಗೆ ಹೊಣೆ, ಜನಕ್ಕೆ ಕೊಟ್ಟಿರೋ ಸಾಲ ಬ್ಯಾಂಕಿಗೆ ಆಸ್ತಿ. ಇದನ್ನ ಓದಿ ಮುಂದೆ ಹೋಗ್ಬೇಡಿ, ಎರಡು ನಿಮಿಷ ನಿಲ್ಲಿ.

ಬ್ಯಾಂಕಿನ ಆಸ್ತಿ 100 ಅಂತ ಇಟ್ಕೊಳ್ಳಿ. ಅದ್ರಲ್ಲಿ ಮಾಲೀಕರ ಸ್ವಂತ ದುಡ್ಡು 8, ಮಿಕ್ಕಿದ 92 ಬೇರೆಯವರದ್ದು. ಕೊಟ್ಟ ಸಾಲದಲ್ಲಿ 8 ವಾಪಸ್ ಬರ್ಲಿಲ್ಲ ಅಂದ್ರೆ ಮಾಲೀಕರ ಪಾಲು ಅಲ್ಲಿಗೆ ಸೊನ್ನೆ, ಒಂಬತ್ತನೇದು ಠೇವಣಿ ಇಟ್ಟೋರ ದುಡ್ಡು. ಬ್ಯಾಂಕಿನೊಳಗೆ ಇಷ್ಟೊಂದು ಜನ "ಬೇಡ", "ನಿಲ್ಲಿ", "ಇನ್ನೊಂದು ಸಹಿ ಬೇಕು" ಅನ್ನೋಕೇ ಸಂಬಳ ತಗೊಳ್ಳೋದು ಯಾಕೆ ಅಂತ ಈ ಒಂದು ಲೆಕ್ಕದಲ್ಲಿ ಅರ್ಥ ಆಗುತ್ತೆ. ರಿಸ್ಕ್, ಕಂಪ್ಲಯನ್ಸ್ (ನಿಯಮ ಪಾಲನೆ ನೋಡೋ ವಿಭಾಗ), ಆಡಿಟ್ ಎಲ್ಲಾ ಹುಟ್ಟೋದು ಇಲ್ಲಿಂದಾನೇ. ಬ್ಯಾಂಕುಗಳು ಎಷ್ಟು ಸ್ವಂತ ಬಂಡವಾಳ ಇಡಬೇಕು ಅಂತ ಹೇಳೋ ಬಾಸೆಲ್ 3 ಅನ್ನೋ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ರಿಸ್ಕ್ ತೂಕ ಹಾಕಿದ (ಅಪಾಯ ಜಾಸ್ತಿ ಇದ್ದಷ್ಟೂ ಜಾಸ್ತಿ ತೂಕ ಕೊಟ್ಟು ಲೆಕ್ಕ ಹಾಕಿದ) ಆಸ್ತಿಗೆ ಕನಿಷ್ಠ 4.5 ಪರ್ಸೆಂಟ್ ಗಟ್ಟಿ ಈಕ್ವಿಟಿ, ಅಂದ್ರೆ ಮಾಲೀಕರ ಸ್ವಂತ ದುಡ್ಡು, ಇರ್ಬೇಕು, ಅದರ ಮೇಲೆ 2.5 ಪರ್ಸೆಂಟ್ ಬಫರ್, ದೇಶ ದೇಶಕ್ಕೆ ಇದರ ಮೇಲೆ ಇನ್ನೂ ಸ್ವಲ್ಪ ಸೇರುತ್ತೆ. ನೀವು ತೆಗೆದ ಬ್ಯಾಂಕಿಗೆ ಎಷ್ಟಿದೆ ಅಂತ ಹುಡುಕಿ, ಬಂಡವಾಳ, ರಿಸ್ಕ್ ವಿವರ ಹೇಳೋ ಪಿಲ್ಲರ್ 3 ಅಂತ ಒಂದು ಭಾಗ ಅಥವಾ ಬೇರೆ ವರದಿನೇ ಇರುತ್ತೆ, ಅದ್ರಲ್ಲಿ ಸಿಗುತ್ತೆ.

ಆಮೇಲೆ ಆದಾಯದ ಕಡೆ ನೋಡಿ. ಬಡ್ಡಿಯಿಂದ ಬಂದಿದ್ದೆಷ್ಟು, ಫೀಸು ಕಮಿಷನ್ನಿಂದ ಬಂದಿದ್ದೆಷ್ಟು, ಟ್ರೇಡಿಂಗಿಂದ ಎಷ್ಟು. ಸೆಗ್ಮೆಂಟ್ ರಿಪೋರ್ಟಿಂಗ್ ಅನ್ನೋ ಟಿಪ್ಪಣಿಯಲ್ಲಿ ಯಾವ ವಿಭಾಗ ಎಷ್ಟು ದುಡೀತು ಅಂತ ಬಿಡಿಸಿ ಬರೆದಿರ್ತಾರೆ. ಆ ಬ್ಯಾಂಕಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸುಳಿವು ಬೇರೆ ಇಲ್ಲ.

ಹೆಜ್ಜೆ 2: ಒಳಗಿನ ಮನೆಗಳನ್ನ ಗುರುತು ಮಾಡ್ಕೊಳ್ಳಿ

ಫ್ರಂಟ್ ಆಫೀಸ್, ಮಿಡಲ್ ಆಫೀಸ್, ಬ್ಯಾಕ್ ಆಫೀಸ್ ಅಂತ ಮೂರು ಭಾಗ ಮಾಡೋದು ರೂಢಿ. ಗಿರಾಕಿ ಎದುರು ಕೂತು ದುಡ್ಡು ತರೋರು ಫ್ರಂಟ್, ಅವರು ತಂದಿದ್ದು ಸರಿ ಇದೆಯಾ ಅಂತ ಅಳೆಯೋರು ಮಿಡಲ್, ಒಪ್ಪಿಕೊಂಡಿದ್ದನ್ನ ಸರಿಯಾಗಿ ನಡೆಸಿಕೊಡೋರು ಬ್ಯಾಕ್. ಈ ಹೆಸರುಗಳಿಂದಾಗಿ ಮೊದಲನೇದು ದೊಡ್ಡದು, ಕೊನೇದು ಚಿಕ್ಕದು ಅನ್ನೋ ಭಾವನೆ ವಿದ್ಯಾರ್ಥಿಗಳಲ್ಲಿ ಕೂತುಬಿಟ್ಟಿದೆ, ದಯವಿಟ್ಟು ಅದನ್ನ ತಲೆಯಿಂದ ತೆಗೀರಿ. ಯಾಕೆ ಅಂತ ಮುಂದೆ ಹೇಳ್ತೀನಿ.

ರೀಟೇಲ್ ಬ್ಯಾಂಕಿಂಗ್ ಅಂದ್ರೆ ಜನಸಾಮಾನ್ಯರ ಖಾತೆ, ಮನೆ ಸಾಲ, ಕಾರ್ಡ್. ಇಲ್ಲಿ ಒಂದೊಂದು ಸಾಲ ಚಿಕ್ಕದು, ಸಂಖ್ಯೆ ಲಕ್ಷಗಟ್ಟಲೆ, ಹಾಗಾಗಿ ನಿರ್ಧಾರ ಹೆಚ್ಚಾಗಿ ಅರ್ಜಿದಾರರಿಗೆ ಅಂಕ ಹಾಕೋ ಸ್ಕೋರ್‌ಕಾರ್ಡ್, ಡೇಟಾ ಮೇಲೆ ಹೋಗುತ್ತೆ. ಮನುಷ್ಯರ ಜೊತೆ ಮಾತಾಡೋದು ಇಷ್ಟ ಇದ್ರೆ ಬ್ರಾಂಚು, ಅಂಕಿಅಂಶ ಇಷ್ಟ ಇದ್ರೆ ಅದರ ಹಿಂದಿನ ಅನಾಲಿಟಿಕ್ಸ್ ಟೀಮು. ಕಾರ್ಪೊರೇಟ್ ಬ್ಯಾಂಕಿಂಗ್‌ನಲ್ಲಿ ಉಲ್ಟಾ, ಗಿರಾಕಿಗಳು ಕಮ್ಮಿ, ಒಂದೊಂದು ಸಾಲಾನೂ ದೊಡ್ಡದು, ಒಂದೊಂದಕ್ಕೂ ಕೂತು ಓದಿ ಬರೀಬೇಕು. ರಿಲೇಷನ್‌ಶಿಪ್ ಮ್ಯಾನೇಜರ್ ಗಿರಾಕಿನ ಕರ್ಕೊಂಡು ಬರ್ತಾನೆ, ಕ್ರೆಡಿಟ್ ಅನಲಿಸ್ಟ್ ಕೊಡಬಹುದಾ ಅಂತ ನೋಡ್ತಾಳೆ. ಇವರಿಬ್ಬರದ್ದು ಎತ್ತು ಏರಿಗೆ, ಕೋಣ ನೀರಿಗೆ ಅನ್ನೋ ಸಂಬಂಧ, ಆದ್ರೆ ಆ ಎಳೆದಾಟ ಬೇಕು ಅಂತಲೇ ಇಟ್ಟಿರೋದು.

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಬಗ್ಗೆ ಎಲ್ಲರಿಗೂ ಕನಸು ಇದೆ. ಕಂಪನಿಗಳು ಒಂದನ್ನೊಂದು ಕೊಳ್ಳೋಕೆ, ಷೇರು ಬಾಂಡ್ ಬಿಡುಗಡೆ ಮಾಡೋಕೆ ಸಲಹೆ ಕೊಟ್ಟು ಫೀಸು ತಗೊಳ್ಳೋ ಕೆಲಸ. ಅನಲಿಸ್ಟ್ ಆಗಿ ಸೇರಿ ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಡೈರೆಕ್ಟರ್, ಮ್ಯಾನೇಜಿಂಗ್ ಡೈರೆಕ್ಟರ್ ಅಂತ ಏಣಿ. ಸಂಬಳ ನಿಜವಾಗ್ಲೂ ಜಾಸ್ತಿ, ಸಮಯಾನೂ ನಿಜವಾಗ್ಲೂ ಜಾಸ್ತಿ ಹೋಗುತ್ತೆ. 2021ರಲ್ಲಿ ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ 13 ಜನ ಮೊದಲ ವರ್ಷದ ಅನಲಿಸ್ಟ್‌ಗಳು ತಾವೇ ಮಾಡಿದ ಸರ್ವೆ ಹೊರಗೆ ಬಂತು, ವಾರಕ್ಕೆ ಸರಾಸರಿ 95 ಗಂಟೆ ದುಡೀತಿದೀವಿ ಅಂತ ಅದ್ರಲ್ಲಿತ್ತು. ಏಳರಿಂದ ಭಾಗ ಮಾಡಿ ನೋಡಿ, ರಜಾನೇ ಇಲ್ಲದೆ ದಿನಕ್ಕೆ ಹದಿಮೂರೂವರೆ ಗಂಟೆ. ದೂರದ ಬೆಟ್ಟ ನುಣ್ಣಗೆ ಅಂತ ಹೆದರಿಸೋಕೆ ಹೇಳ್ತಿಲ್ಲ, ಇದನ್ನ ಇಷ್ಟಪಟ್ಟು ಮಾಡೋರೂ ಇದ್ದಾರೆ, ನೀವು ಅಂಥವರಾ ಅಂತ ಮೊದಲೇ ತಿಳ್ಕೊಳ್ಳಿ ಅಂತ.

ಟ್ರೆಷರಿ ಅನ್ನೋದು ವಿದ್ಯಾರ್ಥಿಗಳಿಗೆ ಕಣ್ಣಿಗೇ ಬೀಳಲ್ಲ, ನನ್ನ ಪ್ರಕಾರ ಬ್ಯಾಂಕಿನ ಎದೆಬಡಿತ ಅಲ್ಲೇ ಕೇಳಿಸೋದು. ಇವತ್ತು ಎಷ್ಟು ದುಡ್ಡು ಒಳಗೆ ಬರುತ್ತೆ, ಎಷ್ಟು ಹೊರಗೆ ಹೋಗುತ್ತೆ, ಬಡ್ಡಿ ದರ ಏರಿದ್ರೆ ಏನಾಗುತ್ತೆ ಅಂತ ನೋಡೋರು ಇವರು. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಿದ್ದು ಕೆಟ್ಟ ಸಾಲದಿಂದ ಅಲ್ಲ. ಯಾವಾಗ ಬೇಕಾದ್ರೂ ವಾಪಸ್ ಕೇಳಬಹುದಾದ ಠೇವಣಿ ದುಡ್ಡನ್ನ ದೀರ್ಘಾವಧಿ ಬಾಂಡ್‌ಗಳಲ್ಲಿ ಹಾಕಿತ್ತು, ಬಡ್ಡಿ ದರ ಏರಿದಾಗ ಬಾಂಡ್ ಬೆಲೆ ಇಳೀತು, ಮಾರ್ಚ್ 9ನೇ ತಾರೀಖು ಒಂದೇ ದಿನ 42 ಬಿಲಿಯನ್ ಡಾಲರ್ ವಾಪಸ್ ಕೊಡಿ ಅಂತ ಜನ ಮುಗಿಬಿದ್ರು, ಮಾರನೇ ದಿನ ಬಾಗಿಲು ಹಾಕಿತು. ಅದರ ಹಿಂದಿನ ವರ್ಷ ಬಹುಪಾಲು ಆ ಬ್ಯಾಂಕಲ್ಲಿ ಚೀಫ್ ರಿಸ್ಕ್ ಆಫೀಸರ್ ಕುರ್ಚಿ ಖಾಲಿ ಇತ್ತು. ಟ್ರೆಷರಿ ಮತ್ತು ರಿಸ್ಕ್ ಎರಡೂ ಯಾಕೆ ಬೇಕು ಅಂತ ಇಂಟರ್‌ವ್ಯೂನಲ್ಲಿ ಯಾರಾದ್ರೂ ಕೇಳಿದ್ರೆ ಈ ಒಂದು ಘಟನೆ ಸರಿಯಾಗಿ ವಿವರಿಸೋಕೆ ಬಂದ್ರೆ ಸಾಕು.

ಈಗ ಬ್ಯಾಕ್ ಆಫೀಸ್ ಮಾತಿಗೆ ಬರ್ತೀನಿ. ಬೇರಿಂಗ್ಸ್ ಅಂತ ಬ್ರಿಟನ್ನಿನಲ್ಲಿ 1762ರಿಂದ ಇದ್ದ ಬ್ಯಾಂಕ್ 1995ರಲ್ಲಿ ಮುಳುಗಿತು. ಸಿಂಗಾಪುರದಲ್ಲಿದ್ದ ಅವರ ಟ್ರೇಡರ್ ನಿಕ್ ಲೀಸನ್ ನಷ್ಟಾನ ಎಲ್ಲಾ 88888 ಅನ್ನೋ ಖಾತೆಯಲ್ಲಿ ಮುಚ್ಚಿಟ್ಟಿದ್ದ. ಮುಚ್ಚಿಡೋಕೆ ಸಾಧ್ಯ ಆಗಿದ್ದು ಹೇಗೆ ಅಂದ್ರೆ, ಟ್ರೇಡ್ ಮಾಡೋನೂ ಅವನೇ, ಆ ಟ್ರೇಡಿನ ದುಡ್ಡು ಕಾಗದ ಕೈಬದಲಾಗಿ ಲೆಕ್ಕ ಮುಗಿಸೋ, ಅಂದ್ರೆ ಸೆಟಲ್‌ಮೆಂಟ್ ನೋಡ್ಕೊಳ್ಳೋ ವಿಭಾಗದ ಮೇಲಿದ್ದೋನೂ ಅವನೇ. 827 ಮಿಲಿಯನ್ ಪೌಂಡ್ ನಷ್ಟ, ಬ್ಯಾಂಕ್ ಕೊನೆಗೆ ಡಚ್ಚರ ಐಎನ್‌ಜಿಗೆ ಒಂದು ಪೌಂಡಿಗೆ ಹೋಯ್ತು. ಸೆಟಲ್‌ಮೆಂಟ್ ಟೇಬಲ್‌ನಲ್ಲಿ ಬೇರೆ ಯಾರಾದ್ರೂ ಒಬ್ಬರು ಕೂತು ದಿನಾ ಖಾತೆ ತಾಳೆ ನೋಡಿದ್ದಿದ್ರೆ ಅದು ಅಷ್ಟು ದೂರ ಹೋಗ್ತಿರ್ಲಿಲ್ಲ. ಬ್ಯಾಕ್ ಆಫೀಸ್, ಅಂದ್ರೆ ಆಪರೇಷನ್ಸ್, ಕೆಲಸ ಚಿಕ್ಕದು ಅನ್ನೋರಿಗೆ ನಾನು ಇದನ್ನೇ ಹೇಳೋದು.

ಕಂಪ್ಲಯನ್ಸ್‌ನಲ್ಲಿ ಈಗ ಅವಕಾಶ ಚೆನ್ನಾಗಿದೆ. ಗಿರಾಕಿ ಯಾರು, ದುಡ್ಡು ಎಲ್ಲಿಂದ ಬಂತು, ನಿರ್ಬಂಧದ ಪಟ್ಟಿಯಲ್ಲಿ ಹೆಸರಿದೆಯಾ ಅಂತ ಪತ್ತೆ ಹಚ್ಚೋ ಕೆಲಸ, 1989ರಲ್ಲಿ ಕಪ್ಪು ಹಣ ಬಿಳಿ ಮಾಡೋದನ್ನ ತಡೆಯೋ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಹುಟ್ಟಿದ ಮೇಲೆ ಬಹುತೇಕ ಎಲ್ಲಾ ದೇಶದ ಬ್ಯಾಂಕುಗಳಿಗೂ ಇದು ತಪ್ಪಿದ್ದಲ್ಲ. ಪತ್ತೇದಾರಿ ಬುದ್ಧಿ ಇರೋರಿಗೆ, ಬರವಣಿಗೆ ಸ್ಪಷ್ಟವಾಗಿರೋರಿಗೆ ಹೇಳಿ ಮಾಡಿಸಿದ ಜಾಗ. ಇನ್ನು ಶ್ರೀಮಂತರ ಹೂಡಿಕೆ ನೋಡ್ಕೊಳ್ಳೋ ವೆಲ್ತ್ ಮ್ಯಾನೇಜ್‌ಮೆಂಟ್, ಇಂಟರ್ನಲ್ ಆಡಿಟ್, ಟೆಕ್ನಾಲಜಿ ಇವೆ, ಜೊತೆಗೆ ಬ್ಯಾಂಕಿನ ಆಚೆ ಕಡೆ ಕೂತು ಬ್ಯಾಂಕುಗಳನ್ನೇ ನೋಡೋ ಸೆಂಟ್ರಲ್ ಬ್ಯಾಂಕಿನ ಮೇಲ್ವಿಚಾರಣೆ ಕೆಲಸ ಇದೆ. ಎಕನಾಮಿಕ್ಸ್ ಜೊತೆಗೆ ಫೈನಾನ್ಸ್ ಇಷ್ಟ ಇರೋರು ಅದನ್ನ ಮರೀಬೇಡಿ.

ಹೆಜ್ಜೆ 3: ಕೆಲಸ ಮಾಡಿ ನೋಡಿ

ಇದೇ ಮುಖ್ಯವಾದ ಹೆಜ್ಜೆ, ಬೇರೆ ಏನು ಬಿಟ್ಟರೂ ಇದನ್ನ ಬಿಡ್ಬೇಡಿ.

ಮೊದಲು ಕ್ರೆಡಿಟ್. ಸಾಮಾನು ತಯಾರಿಸೋ ಒಂದು ಮಧ್ಯಮ ಗಾತ್ರದ ಕಂಪನಿಯ ಎರಡು ವರ್ಷದ ಲೆಕ್ಕಪತ್ರ ತಗೊಳ್ಳಿ. ನನ್ನ ಮೊದಲ ವರ್ಷದಲ್ಲಿ ಕೈಗೆ ಬಂದ ಒಂದು ಫೈಲು ಹೇಗಿತ್ತು ಅಂತ ತೋರಿಸ್ತೀನಿ, ಅಂಕಿಗಳನ್ನ ಸುಲಭ ಮಾಡಿದೀನಿ. ಮಾರಾಟ 100ರಿಂದ 130 ಆಗಿತ್ತು, ಲಾಭ 8ರಿಂದ 11. ಮೊದಲ ಪುಟ ನೋಡಿದ್ರೆ ಕಣ್ಣುಮುಚ್ಚಿ ಸಾಲ ಕೊಡಬೇಕು ಅನ್ಸುತ್ತೆ, ನಾನೂ ಹೌದು ಅಂತಲೇ ಬರೆದು ಮೇಲಿನವರ ಹತ್ತಿರ ತಗೊಂಡು ಹೋಗಿದ್ದೆ. ಅವರು ಲಾಭದ ಸಾಲಿನ ಕಡೆ ನೋಡ್ಲೇ ಇಲ್ಲ. ಪೆನ್ಸಿಲ್ ತಗೊಂಡು ಬ್ಯಾಲೆನ್ಸ್ ಶೀಟಿನಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿಗೆ ಸುತ್ತು ಹಾಕಿದ್ರು: 20 ಇದ್ದಿದ್ದು 48 ಆಗಿತ್ತು. ಸ್ಟಾಕು (ಮಾರದೆ ಉಳಿದ ಸರಕು) 15ರಿಂದ 22. ಆಮೇಲೆ ಅಂಚಿನಲ್ಲಿ ಲೆಕ್ಕ ಬರೆದ್ರು. ಲಾಭ 11, ಅದಕ್ಕೆ ಸವಕಳಿ (ಯಂತ್ರ ಸವೆದಿದ್ದಕ್ಕೆ ಬರೆಯೋ ಖರ್ಚು, ಕ್ಯಾಶ್ ಹೊರಗೆ ಹೋಗಲ್ಲ) 3 ಕೂಡಿಸು, 14. ಬಾಕಿ ಜಾಸ್ತಿ ಆಗಿದ್ದು 28, ಅದನ್ನ ಕಳೆ. ಸ್ಟಾಕು ಜಾಸ್ತಿ ಆಗಿದ್ದು 7, ಅದನ್ನೂ ಕಳೆ. ಇವರು ಬೇರೆಯವರಿಗೆ ಕೊಡದೆ ಉಳಿಸಿಕೊಂಡ ಬಾಕಿ 6 ಹೆಚ್ಚಾಗಿದೆ, ಅದನ್ನ ಕೂಡಿಸು. ಉಳಿದಿದ್ದು ಮೈನಸ್ 15. ಲಾಭ 11 ಅಂತ ಹೇಳ್ತಿರೋ ಕಂಪನಿಯ ವ್ಯಾಪಾರದಿಂದ ವರ್ಷ ಪೂರ್ತಿ ಒಂದು ಕಾಸೂ ಕೈಗೆ ಬಂದಿಲ್ಲ, ಬದಲಿಗೆ 15 ಹೊರಗೆ ಹೋಗಿದೆ. ಮೊದಲು ಮಾರಿದ ದುಡ್ಡು 73 ದಿನಕ್ಕೆ ಬರ್ತಿತ್ತು, ಈಗ 135 ದಿನ. "ಸಾಲ ತೀರಿಸೋದು ಲಾಭದಿಂದ ಅಲ್ಲಪ್ಪ, ಕ್ಯಾಶಿಂದ" ಅಂತ ಹೇಳಿ ಫೈಲ್ ವಾಪಸ್ ಕೊಟ್ರು. ಆ ಪೆನ್ಸಿಲ್ ಸುತ್ತು ನನಗೆ ಈಗಲೂ ಕಣ್ಣಮುಂದೆ ಇದೆ.

ನೀವೂ ಹೀಗೇ ಒಂದು ಕಂಪನಿ ತಗೊಂಡು ಲಾಭದಿಂದ ಶುರುಮಾಡಿ ಕ್ಯಾಶ್ ತನಕ ನಡ್ಕೊಂಡು ಹೋಗಿ, ಆಮೇಲೆ ಒಂದೇ ಪುಟದ ಮೆಮೊ ಬರೀರಿ: ಇವರಿಗೆ ಐದು ವರ್ಷದ ಸಾಲ ಕೊಡ್ತೀನಾ ಇಲ್ವಾ, ಕೊಟ್ರೆ ದುಡ್ಡು ಎಲ್ಲಿಂದ ವಾಪಸ್ ಬರುತ್ತೆ, ಅಲ್ಲಿಂದ ಬರದೇ ಹೋದ್ರೆ ಎರಡನೇ ದಾರಿ ಏನು. ಕ್ರೆಡಿಟ್‌ನವರು ವ್ಯಕ್ತಿತ್ವ, ತೀರಿಸೋ ಶಕ್ತಿ, ಸ್ವಂತ ಬಂಡವಾಳ, ಅಡಮಾನ, ಸುತ್ತಲಿನ ಪರಿಸ್ಥಿತಿ ಅಂತ ಐದು ವಿಷಯ ನೋಡ್ತಾರೆ, ಆ ಐದೂ ನಿಮ್ಮ ಪುಟದಲ್ಲಿ ಬಂದಿದೆಯಾ ನೋಡಿ. ಇದನ್ನ ಬರೀವಾಗ ಎರಡು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ ಅಂದ್ರೆ ಅದನ್ನ ಗಮನಿಸಿ, ಅದು ಮುಖ್ಯವಾದ ಸುಳಿವು.

ರಿಸ್ಕ್ ಕೆಲಸದ ರುಚಿ ನೋಡೋಕೆ ಒಂದು ಚಿಕ್ಕ ಗುಣಾಕಾರ ಸಾಕು. ಸಾಲ ಮುರಿದು ಬೀಳೋ ಸಂಭವ 2 ಪರ್ಸೆಂಟ್, ಮುರಿದಾಗ ವಸೂಲಿ ಆಗದೇ ಹೋಗೋ ಪಾಲು 40 ಪರ್ಸೆಂಟ್, ಸಾಲ 1 ಕೋಟಿ. ಗುಣಿಸಿದ್ರೆ ನಿರೀಕ್ಷಿತ ನಷ್ಟ 80,000, ಅಂದ್ರೆ ಸಾಲದ 0.8 ಪರ್ಸೆಂಟ್. ಬಡ್ಡಿಯಲ್ಲಿ ಇಷ್ಟಾದ್ರೂ ಇದಕ್ಕೆ ಅಂತ ಎತ್ತಿಡಬೇಕು. ಈಗ ಆ 2 ಪರ್ಸೆಂಟ್ ಎಲ್ಲಿಂದ ಬಂತು, ಆರ್ಥಿಕತೆ ಕುಸಿದ್ರೆ ಅದು 2ಆಗೇ ಇರುತ್ತಾ, ಒಂದೇ ಉದ್ಯಮಕ್ಕೆ ಕೊಟ್ಟ ನೂರು ಸಾಲ ಒಟ್ಟಿಗೇ ಮುರಿದ್ರೆ ಏನು ಗತಿ ಅನ್ನೋ ಪ್ರಶ್ನೆಗಳು ನಿಮ್ಮ ತಲೇಲಿ ತಾನಾಗೇ ಹುಟ್ಟಿದ್ರೆ ರಿಸ್ಕ್ ನಿಮಗೆ ಒಗ್ಗುತ್ತೆ.

ಟ್ರೆಷರಿಗೆ: 2 ಪರ್ಸೆಂಟ್ ಕೂಪನ್ (ಬಾಂಡ್ ವರ್ಷಕ್ಕೆ ಕೊಡೋ ಬಡ್ಡಿ) ಇರೋ ಹತ್ತು ವರ್ಷದ ಬಾಂಡನ್ನ 100ಕ್ಕೆ ಕೊಂಡಿದೀರಿ, ಮಾರುಕಟ್ಟೆ ದರ 5 ಪರ್ಸೆಂಟಿಗೆ ಏರಿತು ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ. ಬೆಲೆ 77ರ ಹತ್ತಿರ ಬರುತ್ತೆ. ಮೇಲೆ ಹೇಳಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಕಥೆ ಆವಾಗ ಬರೀ ಸುದ್ದಿಯಾಗಿ ಉಳಿಯಲ್ಲ, ನಿಮ್ಮ ಸ್ಕ್ರೀನ್ ಮೇಲೇ ಕಾಣುತ್ತೆ. ಆಮೇಲೆ ಒಂದು ತಿಂಗಳು ದಿನಾ ಬೆಳಿಗ್ಗೆ ಬಾಂಡ್ ಯೀಲ್ಡು (ಇವತ್ತಿನ ಬೆಲೆಗೆ ಸಿಗೋ ಆದಾಯದ ದರ), ಕರೆನ್ಸಿ ದರ ಬರೆದಿಟ್ಟು ಯಾಕೆ ಏರಿತು ಯಾಕೆ ಇಳೀತು ಅಂತ ಎರಡು ಸಾಲು ಬರೀರಿ. ಹತ್ತನೇ ದಿನಕ್ಕೇ ಬೇಜಾರಾದ್ರೆ ಮಾರ್ಕೆಟ್ಸ್ (ಟ್ರೆಷರಿ, ಟ್ರೇಡಿಂಗ್) ಕಡೆ ಹೋಗ್ಬೇಡಿ.

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ ಒಂದು ಡಿಸಿಎಫ್ ಮಾಡೆಲ್ (ಮುಂದೆ ಬರೋ ಕ್ಯಾಶನ್ನ ಇವತ್ತಿನ ಬೆಲೆಗೆ ಇಳಿಸಿ ಕಂಪನಿಗೆ ಬೆಲೆ ಕಟ್ಟೋ ಲೆಕ್ಕ) ಕಟ್ಟಿ. ಡಿಸ್ಕೌಂಟ್ ದರ 9 ಪರ್ಸೆಂಟ್ ಇಟ್ಟು ಕೊನೆಯ ಬೆಳವಣಿಗೆ ದರಾನ 2ರಿಂದ 3 ಮಾಡಿ ನೋಡಿ, ಟರ್ಮಿನಲ್ ವ್ಯಾಲ್ಯೂ (ಲೆಕ್ಕ ಹಾಕಿದ ವರ್ಷಗಳ ಆಚೆಗಿನ ಎಲ್ಲಾ ಕ್ಯಾಶಿನ ಬೆಲೆ) ಸುಮಾರು 18 ಪರ್ಸೆಂಟ್ ಮೇಲೆ ಹೋಗುತ್ತೆ, ಒಂದು ಚಿಕ್ಕ ಊಹೆ ಎಷ್ಟು ದೊಡ್ಡ ಬೆಲೆ ತರುತ್ತೆ ಅಂತ ಕೈಯಾರೆ ಗೊತ್ತಾಗುತ್ತೆ. ಆಮೇಲೆ ಅದನ್ನೇ ಹತ್ತು ಸ್ಲೈಡ್ ಮಾಡಿ, ಪ್ರತಿ ಸ್ಲೈಡಿನ ಅಂಕಿ ಇನ್ನೊಂದು ಸ್ಲೈಡಿಗೆ ತಾಳೆ ಆಗ್ಬೇಕು, ಅಕ್ಷರದ ಗಾತ್ರ ಒಂದೇ ಇರ್ಬೇಕು, ದಶಾಂಶ ಒಂದೇ ರೀತಿ ಇರ್ಬೇಕು, ತಪ್ಪಿದ್ರೆ ಮತ್ತೆ ಮೊದಲಿಂದ. ಮೊದಲ ಎರಡು ವರ್ಷ ಬಹುಪಾಲು ಸಮಯ ಹೋಗೋದು ಇಂಥದ್ರಲ್ಲೇ, ಹಾಗಾಗಿ ಈ ಎರಡನೇ ಭಾಗಾನ ತಪ್ಪಿಸಬೇಡಿ.

ಕಂಪ್ಲಯನ್ಸ್‌ಗೆ: ಮೂರು ನಾಲ್ಕು ದೇಶದಲ್ಲಿ ಅಂಗಸಂಸ್ಥೆ ಇರೋ ಒಂದು ಲಿಸ್ಟೆಡ್ ಕಂಪನಿ ತಗೊಂಡು, ಅದರ ನಿಜವಾದ ಮಾಲೀಕರು ಯಾರು ಅಂತ ಸಾರ್ವಜನಿಕ ದಾಖಲೆಗಳಿಂದ ಚಿತ್ರ ಬರೀರಿ. ಎಲ್ಲಿ ದಾರಿ ಮುಚ್ಚಿಹೋಯ್ತು ಅಂತಾನೂ ಬರೀರಿ.

ಹೆಜ್ಜೆ 4: ಒಳಗಿರೋರ ಜೊತೆ ಮಾತಾಡಿ

ದೊಡ್ಡ ಹುದ್ದೆಯವರನ್ನೇ ಹುಡುಕ್ಬೇಡಿ. ಇಪ್ಪತ್ತು ವರ್ಷ ಆದೋರು ತಮ್ಮ ಶುರುವಿನ ದಿನಗಳನ್ನ ಪ್ರೀತಿಯಿಂದ ನೆನಪಿಸಿಕೊಳ್ತಾರೆ, ಈಗ ಆ ಟೇಬಲ್ ಹೇಗಿದೆ ಅಂತ ಅವರಿಗೆ ಗೊತ್ತಿರಲ್ಲ. ಸೇರಿ ಎರಡು ಮೂರು ವರ್ಷ ಆದೋರು ಬೇಕು. ನಿಮ್ಮ ಕಾಲೇಜಿನ ಸೀನಿಯರ್‌ಗಳಿಂದ ಶುರುಮಾಡಿ, ಆಮೇಲೆ ಲಿಂಕ್ಡ್‌ಇನ್. ಮೆಸೇಜು ಚಿಕ್ಕದಾಗಿರಲಿ, ಹೀಗೆ: "ಸರ್, ನಾನು ಫೈನಾನ್ಸ್ ಕೊನೇ ವರ್ಷ. ಕ್ರೆಡಿಟ್ ಕೆಲಸ ಅರ್ಥ ಮಾಡ್ಕೊಳ್ಳೋಕೆ ಒಂದು ಕಂಪನಿ ಮೇಲೆ ಒಂದು ಪುಟದ ಮೆಮೊ ಬರೆದಿದೀನಿ. ಅದ್ರಲ್ಲಿ ಎಲ್ಲಿ ತಪ್ಪಿದೀನಿ ಅಂತ ಹದಿನೈದು ನಿಮಿಷ ಫೋನಲ್ಲಿ ಹೇಳ್ತೀರಾ?" ಕೆಲಸ ಕೊಡಿಸಿ ಅಂತ ಕೇಳೋ ನೂರು ಮೆಸೇಜಿನ ಮಧ್ಯೆ ಇದು ಎದ್ದು ಕಾಣುತ್ತೆ, ನನಗೆ ಇಂಥದ್ದು ಬಂದಾಗೆಲ್ಲಾ ನಾನು ಉತ್ತರ ಕೊಟ್ಟಿದೀನಿ.

ಮಾತಾಡುವಾಗ "ಕೆಲಸ ಹೇಗಿದೆ" ಅಂತ ಕೇಳಿದ್ರೆ "ಚೆನ್ನಾಗಿದೆ" ಅನ್ನೋ ಉತ್ತರ ಬಿಟ್ರೆ ಬೇರೆ ಸಿಗಲ್ಲ. ಹೋದ ಮಂಗಳವಾರ ಬೆಳಿಗ್ಗೆಯಿಂದ ಸಂಜೆ ತನಕ ಏನೇನು ಮಾಡಿದ್ರಿ ಅಂತ ಕೇಳಿ. ಈ ತಿಂಗಳು ಯಾವ ಕೆಲಸಾನ ಎರಡು ಸಲ ಮಾಡ್ಬೇಕಾಯ್ತು ಅಂತ ಕೇಳಿ. ನಿಮ್ಮ ಜೊತೆ ಸೇರಿದೋರು ಈಗ ಎಲ್ಲಿದ್ದಾರೆ ಅಂತ ಕೇಳಿ. ಯಾವ ಭಾಗ ಹೇಳುವಾಗ ಅವರ ಮಾತಿನ ವೇಗ ಜಾಸ್ತಿ ಆಗುತ್ತೆ ಅಂತ ಕಿವಿಗೊಡಿ. ಐದಾರು ಜನರ ಹತ್ತಿರ ಹೀಗೆ ಮಾತಾಡಿದ್ರೆ ಒಂದು ಟೇಬಲ್ ಹೇಗಿರುತ್ತೆ ಅಂತ ಒಂದು ಅಂದಾಜು ಬರುತ್ತೆ.

ಹೆಜ್ಜೆ 5: ಕಲಿಕೆ, ಆಮೇಲೆ ಸರ್ಟಿಫಿಕೇಟ್

ಕ್ರಮ ಮುಖ್ಯ. ಮೊದಲು ಅಕೌಂಟಿಂಗ್, ಅದೂ ಪರೀಕ್ಷೆಗೆ ಬಾಯಿಪಾಠ ಮಾಡಿದ ಅಕೌಂಟಿಂಗ್ ಸಾಲದು, ಮೂರು ಸ್ಟೇಟ್‌ಮೆಂಟೂ (ಲಾಭ ನಷ್ಟ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ) ಒಂದಕ್ಕೊಂದು ಹೇಗೆ ಕೊಂಡಿ ಹಾಕ್ಕೊಂಡಿವೆ ಅಂತ ಖಾಲಿ ಹಾಳೆ ಮೇಲೆ ಬರೆಯೋಕೆ ಬರ್ಬೇಕು. ಆಮೇಲೆ ಎಕ್ಸೆಲ್. ಆಮೇಲೆ ಬರವಣಿಗೆ, ಇದನ್ನ ಯಾರೂ ಹೇಳಲ್ಲ ಆದ್ರೆ ಬ್ಯಾಂಕಿನಲ್ಲಿ ನಿರ್ಧಾರ ಅಂದ್ರೆ ಕೊನೆಗೆ ಒಂದು ಮೆಮೊ, ಸಮಿತಿಯಲ್ಲಿ ಕೂತೋರು ನಿಮ್ಮ ಮುಖ ನೋಡಲ್ಲ, ನಿಮ್ಮ ಎರಡು ಪುಟ ನೋಡ್ತಾರೆ. ರೀಟೇಲ್ ಅನಾಲಿಟಿಕ್ಸ್, ರಿಸ್ಕ್ ಕಡೆ ಹೋಗೋದಾದ್ರೆ ಎಸ್‌ಕ್ಯೂಎಲ್ (ಡೇಟಾ ಹುಡುಕಿ ತೆಗೆಯೋ ಭಾಷೆ) ಮತ್ತು ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ) ಕೈಗೆ ಹತ್ತಿಸಿಕೊಳ್ಳಿ.

ಸಿಎಫ್‌ಎ, ಎಫ್‌ಆರ್‌ಎಂ ಅನ್ನೋ ವೃತ್ತಿಪರ ಪರೀಕ್ಷೆಗಳ ಬಗ್ಗೆ ತುಂಬಾ ಜನ ಕೇಳ್ತಾರೆ. ಸಿಎಫ್‌ಎ ಮೂರು ಲೆವೆಲ್, ಒಂದೊಂದಕ್ಕೆ ಸುಮಾರು 300 ಗಂಟೆ ಓದು ಬೇಕು ಅಂತ ಅದನ್ನ ನಡೆಸೋ ಸಂಸ್ಥೇನೇ ಹೇಳುತ್ತೆ, ಹೂಡಿಕೆ ಮತ್ತು ವ್ಯಾಲ್ಯುಯೇಷನ್ ಕಡೆ ಅದಕ್ಕೆ ಬೆಲೆ. ಎಫ್‌ಆರ್‌ಎಂ ಎರಡು ಭಾಗ, ಫೈನಾನ್ಷಿಯಲ್ ರಿಸ್ಕ್ ಮ್ಯಾನೇಜರ್ ಅಂತ ಹೆಸರೇ ಹೇಳೋ ಹಾಗೆ ರಿಸ್ಕ್ ಕಡೆ. ಟೇಬಲ್ ಯಾವುದು ಅಂತ ಗೊತ್ತಾಗೋ ಮುಂಚೆ ಪರೀಕ್ಷೆ ಕಟ್ಟಿದ್ರೆ ದುಡ್ಡೂ ಹೋಗುತ್ತೆ, 300 ಗಂಟೆನೂ ಹೋಗುತ್ತೆ. ಹೆಜ್ಜೆ 3 ಮುಗಿಸಿ ಆಮೇಲೆ ಫೀಸ್ ಕಟ್ಟಿ.

ಹೆಜ್ಜೆ 6: ಇಂಟರ್ನ್‌ಶಿಪ್

ದೊಡ್ಡ ಬ್ಯಾಂಕುಗಳಲ್ಲಿ ಅರ್ಜಿ ತೆಗೆಯೋದು ತುಂಬಾ ಮುಂಚೆ, ಎಷ್ಟೋ ಸಲ ಕೆಲಸ ಶುರುವಾಗೋಕೆ ಒಂದು ವರ್ಷ ಮೊದಲೇ, ಅದರಲ್ಲೂ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು. ರಜೆ ಹತ್ತಿರ ಬಂದಾಗ ನೋಡೋಣ ಅಂದ್ಕೊಂಡ್ರೆ ಬಾಗಿಲು ಮುಚ್ಚಿರುತ್ತೆ, ತಾರೀಖುಗಳನ್ನ ಈಗಲೇ ಕ್ಯಾಲೆಂಡರ್‌ನಲ್ಲಿ ಹಾಕಿಡಿ. ಸಿಗಲಿಲ್ಲ ಅಂದ್ರೆ ಚಿಕ್ಕ ಬ್ಯಾಂಕು, ಸಹಕಾರಿ ಬ್ಯಾಂಕು, ಲೆಕ್ಕ ಪರಿಶೋಧಕರ ಆಫೀಸು ನೋಡಿ. ಚಿಕ್ಕ ಜಾಗದಲ್ಲಿ ಒಂದು ಸಾಲ ಅರ್ಜಿಯಿಂದ ವಸೂಲಿ ತನಕ ಪೂರ್ತಿ ಕಣ್ಣೆದುರೇ ನಡೆಯುತ್ತೆ, ದೊಡ್ಡ ಜಾಗದಲ್ಲಿ ಅದರ ಒಂದು ತುಂಡು ಮಾತ್ರ ಕಾಣುತ್ತೆ.

ಒಳಗೆ ಹೋದ ಮೇಲೆ ದಿನಾ ಐದು ನಿಮಿಷ ಡೈರಿ ಬರೀರಿ: ಇವತ್ತು ಯಾವ ಪ್ರಶ್ನೆ ಬಂತು, ಯಾರು ಹೇಗೆ ಬಿಡಿಸಿದ್ರು. ಗಿರಾಕಿಯ ಹೆಸರು, ಖಾತೆ ನಂಬರು, ಫೈಲಿನ ಫೋಟೋ ಯಾವುದನ್ನೂ ಫೋನಿಗಾಗ್ಲಿ ಮನೆಗಾಗ್ಲಿ ತರ್ಬೇಡಿ, ಒಳ್ಳೆ ಉದ್ದೇಶದಿಂದ ಆದ್ರೂ ಸರಿ. ಹೀಗೆ ಮಾಡಿ ಒಳ್ಳೆ ಹುಡುಗ ಒಬ್ಬ ಮಧ್ಯದಲ್ಲೇ ಮನೆಗೆ ಹೋಗಿದ್ದು ನೋಡಿದೀನಿ, ಆವತ್ತು ನನಗೆ ತುಂಬಾ ಬೇಜಾರಾಯ್ತು. ಇನ್ನೊಂದು, ತಪ್ಪಾದ್ರೆ ಆ ಕ್ಷಣಾನೇ ಹೇಳಿ. ಸಂಜೆ ತನಕ ಮುಚ್ಚಿಟ್ಟ ತಪ್ಪು ಬ್ಯಾಂಕಿನಲ್ಲಿ ತಪ್ಪಾಗಿ ಉಳಿಯಲ್ಲ, ಅನುಮಾನ ಆಗುತ್ತೆ.

ಹೆಜ್ಜೆ 7: ಇಂಟರ್‌ವ್ಯೂ

ಹಳೇ ಪ್ರಶ್ನೆ ಒಂದಿದೆ, ಈಗಲೂ ಕೇಳ್ತಾರೆ. ಸವಕಳಿ 10 ಜಾಸ್ತಿ ಆಯ್ತು, ತೆರಿಗೆ 30 ಪರ್ಸೆಂಟ್, ಮೂರೂ ಸ್ಟೇಟ್‌ಮೆಂಟಲ್ಲಿ ಏನಾಗುತ್ತೆ? ತೆರಿಗೆಗೆ ಮುಂಚಿನ ಲಾಭ 10 ಇಳಿಯುತ್ತೆ, ತೆರಿಗೆಯಲ್ಲಿ 3 ಉಳಿತಾಯ ಆಗುತ್ತೆ, ನಿವ್ವಳ ಲಾಭ 7 ಇಳಿಯುತ್ತೆ. ಕ್ಯಾಶ್ ಫ್ಲೋನಲ್ಲಿ ಆ ಮೈನಸ್ 7ಕ್ಕೆ ಸವಕಳಿ 10 ವಾಪಸ್ ಸೇರಿಸಿದ್ರೆ ಕ್ಯಾಶ್ 3 ಏರುತ್ತೆ. ಬ್ಯಾಲೆನ್ಸ್ ಶೀಟಿನಲ್ಲಿ ಕ್ಯಾಶ್ 3 ಮೇಲೆ, ಯಂತ್ರದ ಮೌಲ್ಯ 10 ಕೆಳಗೆ, ಆ ಕಡೆ ಈಕ್ವಿಟಿ 7 ಕೆಳಗೆ, ಎರಡೂ ಕಡೆ ಸಮ. ಉತ್ತರ ಬಾಯಿಪಾಠ ಮಾಡಿದ್ರೆ 10ನ್ನ 40 ಮಾಡಿ, ಯಂತ್ರ ಸಾಲದಲ್ಲಿ ಕೊಂಡಿದ್ದು ಅಂತ ಸೇರಿಸಿ ಮತ್ತೆ ಕೇಳ್ತಾರೆ, ಹಾಗಾಗಿ ಅರ್ಥ ಮಾಡ್ಕೊಳ್ಳಿ.

"ಯಾಕೆ ಬ್ಯಾಂಕಿಂಗ್" ಅಂದಾಗ ಚಿಕ್ಕಂದಿನಿಂದ ಆಸಕ್ತಿ ಅಂತ ಶುರುಮಾಡ್ಬೇಡಿ. ಹೆಜ್ಜೆ 3ರಲ್ಲಿ ಬರೆದ ಮೆಮೊ ಇದೆಯಲ್ಲ, ಅದನ್ನ ಪ್ರಿಂಟ್ ತಗೊಂಡು ಹೋಗಿ. "ಈ ಕಂಪನಿಗೆ ನಾನು ಸಾಲ ಕೊಡಲ್ಲ ಅಂತ ಬರೆದಿದೀನಿ, ಕಾರಣ ಇದು" ಅಂತ ಟೇಬಲ್ ಮೇಲೆ ಇಟ್ರೆ ಮುಂದಿನ ಅರ್ಧ ಗಂಟೆ ಮಾತು ನಿಮ್ಮ ಅಂಗಳದಲ್ಲೇ ನಡೆಯುತ್ತೆ. ಎದುರಿಗಿರೋರು ಒಪ್ಪಲ್ಲ ಅಂದ್ರೂ ಪರವಾಗಿಲ್ಲ. ಒಪ್ಪದೇ ಇರೋವಾಗ ನೀವು ಹೇಗೆ ಮಾತಾಡ್ತೀರಿ ಅಂತ ನೋಡೋಕೇ ಎಷ್ಟೋ ಸಲ ಅವರು ಒಪ್ಪದೇ ಇರೋದು.

ಹೆಜ್ಜೆ 8: ಆಫರ್ ಬಂದಾಗ

ಸಂಬಳದ ಜೊತೆಗೆ ಟಾರ್ಗೆಟ್ ಬಗ್ಗೆ ಕೇಳಿ, ಮುಖ್ಯವಾಗಿ ರೀಟೇಲ್ ಮತ್ತು ಸೇಲ್ಸ್ ಹುದ್ದೆಗಳಲ್ಲಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿಗೆ 2016ರಲ್ಲಿ 185 ಮಿಲಿಯನ್ ಡಾಲರ್ ದಂಡ ಬಿತ್ತು, ಟಾರ್ಗೆಟ್ ಮುಟ್ಟೋಕೆ ಗಿರಾಕಿಗಳಿಗೆ ಗೊತ್ತಿಲ್ಲದೇ ಅವರ ಹೆಸರಲ್ಲಿ ಲಕ್ಷಾಂತರ ಖಾತೆ ತೆರೆದಿದ್ದಕ್ಕೆ. ಕೆಲಸ ಕಳ್ಕೊಂಡ ಸುಮಾರು 5,300 ಜನರಲ್ಲಿ ಹೆಚ್ಚಿನವರು ಕೆಳಗಿನ ಹಂತದೋರು. ಅಂಥಾ ಒತ್ತಡದ ಜಾಗಕ್ಕೆ ಗೊತ್ತಿಲ್ಲದೇ ಹೋಗಿ ಸಿಕ್ಕಿಕೊಳ್ಳೋದು ಬೇಡ. ತಿಂಗಳ ಟಾರ್ಗೆಟ್ ಎಷ್ಟು, ಹೋದ ವರ್ಷ ಟೀಮಿನಲ್ಲಿ ಎಷ್ಟು ಜನ ಮುಟ್ಟಿದ್ರು, ಮುಟ್ಟದೇ ಇದ್ದೋರಿಗೆ ಏನಾಯ್ತು ಅಂತ ಮುಚ್ಚುಮರೆ ಇಲ್ಲದೆ ಕೇಳಿ.

ಬೇಕಾದ ಟೇಬಲ್ ಸಿಗದೇ ಪಕ್ಕದ್ದು ಸಿಕ್ಕಿದ್ರೆ? ಆಪರೇಷನ್ಸ್‌ನಿಂದ ರಿಸ್ಕ್‌ಗೆ, ಬ್ರಾಂಚಿಂದ ಕಾರ್ಪೊರೇಟ್ ಕ್ರೆಡಿಟ್‌ಗೆ ಬಂದೋರು ನನ್ನ ಜೊತೇನೇ ಕೆಲಸ ಮಾಡಿದ್ದಾರೆ, ಮೊದಲ ಎರಡು ಮೂರು ವರ್ಷದಲ್ಲಿ ಈ ಬದಲಾವಣೆ ಸುಲಭ, ಆಮೇಲೆ ಕಷ್ಟ ಆಗ್ತಾ ಹೋಗುತ್ತೆ. ಹಾಗಾಗಿ ಒಳಗಿನ ವರ್ಗಾವಣೆಗೆ ನಿಯಮ ಏನು, ಎಷ್ಟು ತಿಂಗಳಾದ ಮೇಲೆ ಅರ್ಜಿ ಹಾಕಬಹುದು ಅಂತ ಸಹಿ ಹಾಕೋ ಮುಂಚೆ ಎಚ್‌ಆರ್ ಹತ್ತಿರ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ನಿಮ್ಮ ಮ್ಯಾನೇಜರ್ ಆಗೋರ ಜೊತೆ ಹತ್ತು ನಿಮಿಷ ಮಾತಾಡೋಕೆ ಅವಕಾಶ ಕೇಳಿ, ಸಾಮಾನ್ಯವಾಗಿ ಕೊಡ್ತಾರೆ. ಕ್ರೆಡಿಟ್ ಅಥವಾ ರಿಸ್ಕ್ ಕಡೆ ಆದ್ರೆ ಒಂದೇ ಪ್ರಶ್ನೆ ಹಾಕಿ: "ಹೆಸರು ಬೇಡ, ನೀವು ಕೊನೇ ಸಲ ಆಗಲ್ಲ ಅಂತ ವಾಪಸ್ ಕಳಿಸಿದ ಫೈಲ್ ಯಾವ ತರದ್ದು, ಆಮೇಲೆ ಏನಾಯ್ತು?" ಯೋಚನೆ ಮಾಡಿ, ಕಾರಣ ಬಿಡಿಸಿ, ಸೇಲ್ಸ್‌ನವರು ಎಷ್ಟು ಗಲಾಟೆ ಮಾಡಿದ್ರು, ಮೇಲಿನವರು ಯಾರ ಕಡೆ ನಿಂತ್ರು ಅಂತ ಹೇಳಿದ್ರೆ ಅಲ್ಲಿ ಸೇರ್ಕೊಳ್ಳಿ. ಒಂದೂ ನೆನಪಾಗ್ಲಿಲ್ಲ ಅಂದ್ರೆ ಆ ಮನೆಯಲ್ಲಿ ಪೆನ್ಸಿಲ್ ಹಿಡಿದು ಸುತ್ತು ಹಾಕೋರು ಇಲ್ಲ ಅಂತ ಅರ್ಥ, ಕೈಯಲ್ಲಿ ಇನ್ನೊಂದು ಆಫರ್ ಇದ್ರೆ ಅದನ್ನ ನೋಡಿ.